ರಾಮಗಿರಿಯ ನೆರಳಿನಲ್ಲಿ ಕೆಲವು ‘ಆಗಿದ್ದರೆ’ಗಳು

ಕನ್ನಡ ವ್ಯಾಕರಣದಲ್ಲಿ ‘ರೆ’ ಎಂಬ ಪ್ರತ್ಯಯ ಬಹು ಚಿಕ್ಕದು; ಆದರೆ ಅದರ ಪ್ರತಾಪ ದೊಡ್ಡದು. ‘ಬಂದರೆ’, ‘ಕೊಟ್ಟರೆ’ ಎಂಬಲ್ಲಿ ಅದು ಮುಂದಾಗಬಹುದಾದುದನ್ನು ಸಂಕೋಚದಿಂದ ಸೂಚಿಸುತ್ತದೆ. ‘ಬಂದಿದ್ದರೆ’, ‘ಕೊಟ್ಟಿದ್ದರೆ’ ಎಂದೊಡನೆ ಆಗಿಹೋದ ಕಾಲವನ್ನೇ ಹಿಂದಕ್ಕೆಳೆದು ಬೇರೊಂದು ದಾರಿಗೆ ಹಚ್ಚಿಬಿಡುತ್ತದೆ. ಚರಿತ್ರೆಯ ಪಂಡಿತರಿಗೆ ಈ ಎರಡನೆಯ ಬಗೆಯ ಮಾತಿನಲ್ಲಿ ವಿಶ್ವಾಸ ಕಡಮೆ. ನಡೆದುದನ್ನು ನಡೆದಂತೆ ಹೇಳುವುದು ತಮ್ಮ ಕಸಬು, ನಡೆಯದೆ ಹೋದುದನ್ನು ಹೇಳುವುದು ಕವಿಗಳ ಪಾಡು ಎಂದು ಅವರ ಮತ.

ಕವಿಗಳೇನೋ ಈ ಪಾಡನ್ನು ಸಂತೋಷದಿಂದಲೇ ಪಟ್ಟಿದ್ದಾರೆ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ಅರುಹುವ ಸಂದರ್ಭ ಪಂಪನಲ್ಲಿ ಉಂಟು, ಕುಮಾರವ್ಯಾಸನಲ್ಲಿಯೂ ಉಂಟು. ಅಲ್ಲಿ ಕೃಷ್ಣ ಮಾಡುವುದೇನು? ನಡೆಯಬಹುದಾಗಿದ್ದ ಇನ್ನೊಂದು ಭಾರತವನ್ನು ಕರ್ಣನ ಕಣ್ಣ ಮುಂದೆ ಬಿಡಿಸಿ ಇಡುತ್ತಾನೆ. ಕರ್ಣ ಅದನ್ನು ನೋಡುತ್ತಾನೆ, ಅದರ ಬೆಲೆಯನ್ನು ಅರಿಯುತ್ತಾನೆ, ಅರಿತೇ ಬಿಡುತ್ತಾನೆ. ಆ ಇನ್ನೊಂದು ಭಾರತ ನಮಗೆ ಗೊತ್ತಿಲ್ಲದಿದ್ದರೆ ಕರ್ಣ ಎಷ್ಟು ದೊಡ್ಡವನೆಂದು ತಿಳಿಯುತ್ತಿರಲಿಲ್ಲ. ಪಶ್ಚಿಮದವರೂ ಈ ವಿನೋದವನ್ನು ಬಿಟ್ಟವರಲ್ಲ. ವಾಟರ್ಲೂನಲ್ಲಿ ನೆಪೋಲಿಯನ್ ಗೆದ್ದಿದ್ದರೆ ಏನಾಗುತ್ತಿತ್ತೆಂದು ಟ್ರೆವೆಲ್ಯನ್ ಎಂಬ ಗಣ್ಯ ಇತಿಹಾಸಕಾರರು 1907ರಲ್ಲಿಯೇ ಪ್ರಬಂಧ ಬರೆದರು. 1931ರಲ್ಲಿ ಹೊರಬಂದ ಇಂತಹ ಪ್ರಬಂಧಗಳ ಸಂಕಲನವೊಂದರಲ್ಲಿ ಚರ್ಚಿಲ್ಲರೂ ಒಂದು ಕೈ ನೋಡಿದರು.

ಈ ವಿನೋದಕ್ಕೆ ನನ್ನದು ಒಂದೇ ನಿಬಂಧನೆ. ಕವಲುದಾರಿಯಲ್ಲಿ ಮನುಷ್ಯನೊಬ್ಬ ನಿಜವಾಗಿ ನಿಂತಿರಬೇಕು. ಎರಡು ದಾರಿಯೂ ಅವನಿಗೆ ತೆರೆದಿರಬೇಕು. ಮಳೆ ಬಂದಿದ್ದರೆ, ಜ್ವರ ಬಾರದಿದ್ದರೆ ಎಂಬವು ಪಂಚಾಂಗದ ಪ್ರಶ್ನೆಗಳು. ಇಂತಹ ನಿಜವಾದ ಕವಲುಗಳನ್ನು ಹುಡುಕಲು ವಾಟರ್ಲೂವಿನವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಒಂದು ಗಂಟೆ ಕುಳಿತರೆ ಸಾಕು. ರಾಮನಗರ, ಚನ್ನಪಟ್ಟಣ, ಅವುಗಳ ಬಲಕ್ಕೆ ಮಾಗಡಿ, ಎಡಕ್ಕೆ ಕನಕಪುರ: ಈ ನಾಲ್ಕು ತಾಲ್ಲೂಕುಗಳ ಬಂಡೆಗಳ ನಡುವೆ ಮೈಸೂರಿನ ಚರಿತ್ರೆ ಹಲವು ಸಲ ನಿಂತು ಯೋಚಿಸಿದೆ.

ಹಳೆಯದನ್ನು ಬೇಗ ಮುಗಿಸಿಬಿಡೋಣ. 1728ರಲ್ಲಿ ಮಾಗಡಿಯೂ ಸಾವನದುರ್ಗವೂ ಕೆಂಪೇಗೌಡರ ವಂಶದವರ ಕೈಬಿಟ್ಟು ಮೈಸೂರಿಗೆ ಸೇರಿದವು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ದುರ್ಗವನ್ನೇ ಹಿಡಿಯಿತು. ಅದರ ಬೆನ್ನಿಗೇ ರಾಮಗಿರಿಯೂ ಶಿವನಗಿರಿಯೂ ಬಿದ್ದವು. ಮುಂದಿನ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟೀಪುವಿನ ಅರ್ಧ ರಾಜ್ಯ ಹೋಯಿತು. ಸಾವನದುರ್ಗ ಇನ್ನೂ ಆರು ತಿಂಗಳು ತಡೆದಿದ್ದರೆ? ಮಳೆಗಾಲ ಬರುತ್ತಿತ್ತು, ಮುತ್ತಿಗೆ ತಡವಾಗುತ್ತಿತ್ತು. ಅಷ್ಟನ್ನು ಹೇಳಬಹುದು, ಅದಕ್ಕಿಂತ ಹೆಚ್ಚಿಲ್ಲ. ಟೀಪು ಶಂಷೇರಾಬಾದ್ ಎಂದು ಕರೆದ ಊರು ಆಮೇಲೆ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರು ಹೊತ್ತು ಕ್ಲೋಸ್‌ಪೇಟೆಯಾಯಿತು, ಸ್ವಾತಂತ್ರ್ಯಾನಂತರ ರಾಮನಗರವಾಯಿತು. ಭೂಗರ್ಭಶಾಸ್ತ್ರಜ್ಞರು ಮಾತ್ರ ಇಲ್ಲಿನ ಕಲ್ಲಿಗೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೇಳುತ್ತಾರೆ. ಊರು ಮರೆತ ಹೆಸರನ್ನು ಬಂಡೆ ಉಳಿಸಿಕೊಂಡಿದೆ.

ಎರಡನೆಯ ಮಹಾಯುದ್ಧದ ಸಂಗತಿ ಇನ್ನಷ್ಟು ಸ್ವಾರಸ್ಯದ್ದು. ಈ ಸೀಮೆಗೆ ಯುದ್ಧ ಬಂದದ್ದು ಬಾಂಬಿನ ರೂಪದಲ್ಲಿ ಅಲ್ಲ, ರೇಷ್ಮೆಯ ಬೆಲೆಯ ರೂಪದಲ್ಲಿ. ಮೈಸೂರಿಗೆ ರೇಷ್ಮೆಯನ್ನು ತಂದ ಕೀರ್ತಿ ಟೀಪುವಿನದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸಂಸ್ಥಾನದ ಸರ್ಕಾರ ಇಟಲಿಯಿಂದ ಮಾರಿ ಎಂಬ ತಜ್ಞರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆಯ ಕ್ಷೇತ್ರವನ್ನು ಸ್ಥಾಪಿಸಿತು. ಆದರೆ 1930ರ ಸುಮಾರಿಗೆ ಜಗತ್ತಿಗೆಲ್ಲ ಬಡಿದ ಆರ್ಥಿಕ ಮುಗ್ಗಟ್ಟು ಇಲ್ಲಿಗೂ ಬಡಿಯಿತು. ಅದರ ಮೇಲೆ ಜಪಾನು ಮತ್ತು ಚೀನಗಳ ಅಗ್ಗದ ರೇಷ್ಮೆ ಬಂದು ಸುರಿಯಿತು. 1934ರಲ್ಲಿ ಸುಂಕದ ರಕ್ಷಣೆ ದೊರೆತರೂ ಅದು ಸೋರುವ ಮಾಡಿಗೆ ಹಾಕಿದ ತೇಪೆಯಷ್ಟೆ. ಹಿಪ್ಪುನೇರಳೆಯ ತೋಟವನ್ನು ಕಿತ್ತು ರಾಗಿ ಬಿತ್ತುವುದೇ ಲೇಸೆಂದು ಒಕ್ಕಲಿಗನಿಗೆ ಅನ್ನಿಸಿದ ಕಾಲ ಅದು.

1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕೆ ಇಳಿಯಿತು. ಮಿತ್ರರಾಷ್ಟ್ರಗಳಿಗೆ ಆ ದೇಶದ ರೇಷ್ಮೆ ನಿಂತುಹೋಯಿತು. ಆಕಾಶದಿಂದ ಸೈನಿಕರನ್ನು ಇಳಿಸುವ ಛತ್ರಿಗಳಿಗೆ ರೇಷ್ಮೆ ಬೇಕು. ಅಮೆರಿಕೆ ನೈಲಾನಿನ ಕಡೆ ತಿರುಗಿತಾದರೂ ಎಲ್ಲ ಕಡೆಗೂ ಅದು ಸಾಲದು. ಮೈಸೂರಿನ ರೇಷ್ಮೆಗೆ ಹೀಗೆ ಹಠಾತ್ತನೆ ಬೆಲೆ ಬಂದಿತು. ಇಲ್ಲೊಂದು ತೊಡಕಿತ್ತು. ಹಳ್ಳಿಯ ಚರಕದಲ್ಲಿ ಬಿಚ್ಚಿದ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಸೀರೆಗೆ ಅದು ಶೋಭೆಯೇ ಆದರೂ, ಮನುಷ್ಯನ ಪ್ರಾಣವನ್ನು ನಂಬಿಸಿ ಬಿಡುವ ಛತ್ರಿಗೆ ಒಂದೇ ಸಮನಾದ ಎಳೆ ಬೇಕು. ಆದುದರಿಂದ ಯಂತ್ರದಿಂದ ನೂಲು ಬಿಚ್ಚುವ ಫಿಲೇಚರುಗಳಿಗೆ ಯುದ್ಧಕಾಲ ಒತ್ತಾಸೆಯಾಯಿತು. ಯುದ್ಧ ಮುಗಿದು ಬೆಲೆ ಮತ್ತೆ ಕುಸಿದಾಗ, ಈ ಕಸಬನ್ನು ಕೈಬಿಡಲಾಗದಷ್ಟು ಜನ ಅದರಲ್ಲಿ ತೊಡಗಿಹೋಗಿದ್ದರು. 1948ರ ಶಾಸನದಂತೆ ಕೇಂದ್ರ ರೇಷ್ಮೆ ಮಂಡಳಿ ಏರ್ಪಟ್ಟುದಕ್ಕೆ ಇದೂ ಒಂದು ಹಿನ್ನೆಲೆ. ರಾಮನಗರದ ಗೂಡಿನ ಮಾರುಕಟ್ಟೆ ಇಂದು ಏಷ್ಯಾದ ದೊಡ್ಡ ಗೂಡುಮಾರುಕಟ್ಟೆಗಳಲ್ಲೊಂದು.

ಜಪಾನು ತಟಸ್ಥವಾಗಿ ಉಳಿದಿದ್ದರೆ? ಈ ರೇಷ್ಮೆಯ ನಾಡು ಪುನಃ ರಾಗಿಯ ನಾಡಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಪೆಸಿಫಿಕ್ ಸಾಗರದಲ್ಲಿ ಬಿದ್ದ ಬಾಂಬಿನಿಂದ ಚನ್ನಪಟ್ಟಣದ ಹಿಪ್ಪುನೇರಳೆ ಚಿಗುರಿತೆಂಬುದು ಕಥೆಗಾರನಿಗೆ ಒಪ್ಪುವ ಮಾತು. ಆದರೂ ನನ್ನ ನಿಬಂಧನೆಗೆ ಇದು ಹೊಂದುವುದಿಲ್ಲ. ನಿರ್ಧಾರ ಟೋಕಿಯೋದಲ್ಲಿ ಆಯಿತು. ಇಲ್ಲಿನ ಯಾವನೂ ಕವಲಿನಲ್ಲಿ ನಿಂತಿರಲಿಲ್ಲ. ಬೆಲೆ ಏರಿದಾಗ ಗೂಡು ಮಾರಿದರು, ಇಳಿದಾಗ ಹಣೆ ಒತ್ತಿಕೊಂಡರು.

ಯುದ್ಧ ಮುಗಿದ ಮೇಲಿನ ಕವಲು ಬೇರೆ ತೆರನಾದುದು. 1947ರ ಬೇಸಗೆಯಲ್ಲಿ ಸಂಸ್ಥಾನಗಳೆಲ್ಲ ಎತ್ತ ಹೋಗುವುವೆಂಬುದು ಯಾರಿಗೂ ಖಚಿತವಿರಲಿಲ್ಲ. ತಿರುವಾಂಕೂರಿನ ದಿವಾನರಾದ ಸಿ. ಪಿ. ರಾಮಸ್ವಾಮಿ ಅಯ್ಯರ್ ಜೂನಿನಲ್ಲಿ ಸ್ವತಂತ್ರರಾಷ್ಟ್ರದ ಮಾತನ್ನಾಡಿದರು. ಜುಲೈ ಕೊನೆಯಲ್ಲಿ ಅವರ ಮೇಲೆ ಹಲ್ಲೆಯಾಗಿ, ಆ ಮಾತು ಅಲ್ಲಿಗೆ ಮುಗಿಯಿತು. ಹೈದರಾಬಾದು 1948ರ ಸೆಪ್ಟೆಂಬರಿನವರೆಗೆ ಹಟ ಹಿಡಿದು ಸೈನ್ಯದ ಕಾರ್ಯಾಚರಣೆಗೆ ಗುರಿಯಾಯಿತು. ಮೈಸೂರಿಗೇನು ಕಡಮೆಯಾಗಿತ್ತು? ಭದ್ರಾವತಿಯ ಕಬ್ಬಿಣ, ಕೋಲಾರದ ಚಿನ್ನ, ಶಿವನಸಮುದ್ರದ ವಿದ್ಯುತ್ತು, ‘ಮಾದರಿ ಸಂಸ್ಥಾನ’ವೆಂಬ ಬಿರುದು. ಬ್ರಿಟಿಷರ ಕೈಲಿದ್ದ ಬೆಂಗಳೂರು ದಂಡುಪ್ರದೇಶವೂ ಜುಲೈ 26ರಂದು ಮರಳಿ ಬಂದಿತ್ತು. ಇಪ್ಪತ್ತೆಂಟು ವಯಸ್ಸಿನ ಮಹಾರಾಜರು, ಲೋಕಾನುಭವಿಯಾದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರಂತಹ ದಿವಾನರು. ಬೇಕೆಂದಿದ್ದರೆ ಆಡಬಹುದಾಗಿದ್ದ ಆಟ.

ಆದರೆ ಮೈಸೂರಿಗೆ ಕಡಲಿಲ್ಲ. ಉಪ್ಪೂ ಕಲ್ಲಿದ್ದಲೂ ಹೊರಗಿನಿಂದ ಬರಬೇಕು. ಸುತ್ತಲೂ ಮದರಾಸು, ಮುಂಬಯಿ ಪ್ರಾಂತಗಳು. ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಸೇರ್ಪಡೆಯ ಪತ್ರಕ್ಕೆ ಸಹಿ ಮಾಡಿದರು. ಜಗಳ ಉಳಿದದ್ದು ಒಳಗಿನದು: ದಿವಾನರ ಆಡಳಿತವೋ, ಪ್ರಜೆಗಳಿಗೆ ಉತ್ತರ ಹೇಳುವ ಸರ್ಕಾರವೋ? ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಚಳವಳಿ ಮೊದಲಾಯಿತು. ಆರು ವಾರಗಳಲ್ಲಿ ಒಪ್ಪಂದವಾಗಿ, ಅಕ್ಟೋಬರ್ ಮುಗಿಯುವುದರೊಳಗೆ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಆ ಆರು ವಾರಗಳು ಆರು ತಿಂಗಳಾಗಿದ್ದರೆ ಅರಮನೆಯ ಮರ್ಯಾದೆ ಉಳಿಯುತ್ತಿರಲಿಲ್ಲ. ಮಹಾರಾಜರು 1950ರಲ್ಲಿ ರಾಜಪ್ರಮುಖರೂ 1956ರಲ್ಲಿ ರಾಜ್ಯಪಾಲರೂ ಆಗುವುದು ಸಂದೇಹವಿತ್ತು. ಇಷ್ಟಕ್ಕೆ ಆ ಕಥೆ ಸಾಕು.

ನಾನು ನಿಜವಾಗಿ ಹೇಳಬೇಕೆಂದಿರುವುದು 1953ರಿಂದ 1956ರವರೆಗಿನ ಕಾಲವನ್ನು, ಒಬ್ಬ ಮನುಷ್ಯನನ್ನು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು 1952ರ ಚುನಾವಣೆಯಲ್ಲಿ ರಾಮನಗರದಿಂದ ಆರಿಸಿ ಬಂದು ಮೈಸೂರಿನ ಮುಖ್ಯಮಂತ್ರಿಯಾದರು. 99 ಮಂದಿಯ ಸಭೆಯಲ್ಲಿ ಕಾಂಗ್ರೆಸ್ಸಿಗೆ ಭಾರಿ ಬಹುಮತ. ಒಂಬತ್ತು ಜಿಲ್ಲೆಗಳ, ಸುಮಾರು 90 ಲಕ್ಷ ಜನರ, ಕೈಯಲ್ಲಿ ಹಿಡಿಯಬಹುದಾದಷ್ಟು ಅಚ್ಚುಕಟ್ಟಾದ ರಾಜ್ಯ. ಒಕ್ಕಲಿಗರು ಅಲ್ಲಿ ಪ್ರಬಲರು, ಹನುಮಂತಯ್ಯನವರು ಅವರಲ್ಲಿ ಪ್ರಮುಖರು. ಏನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಆ ಪೀಠ ಅವರಿಗೆ ಬಹುಕಾಲ ಉಳಿಯುವಂತಿತ್ತು.

ಏಕೀಕರಣದ ಕೂಗು ಆಗಲೇ ಎದ್ದಿತ್ತು. 1953ರಲ್ಲಿ ಅದರಗುಂಚಿ ಶಂಕರಗೌಡರ ಉಪವಾಸ, ಹುಬ್ಬಳ್ಳಿಯ ಗಲಭೆ. ಅದೇ ಅಕ್ಟೋಬರ್ 1ರಂದು ಆಂಧ್ರದ ಉದಯ, ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು. ಡಿಸೆಂಬರಿನಲ್ಲಿ ಫಜಲ್ ಅಲಿಯವರ ಆಯೋಗ. ಕೂಗಿನ ಬಹುಭಾಗ ಬಂದದ್ದು ಕೃಷ್ಣೆಯ ಕಡೆಯಿಂದ. ಮುಂಬಯಿ, ಹೈದರಾಬಾದು, ಮದರಾಸುಗಳಲ್ಲಿ ಹಂಚಿಹೋಗಿ ಎಲ್ಲೆಡೆಯೂ ಅಲ್ಪಸಂಖ್ಯಾತರಾಗಿದ್ದ ಕನ್ನಡಿಗರಿಗೆ ಏಕೀಕರಣವೆಂಬುದು ಉಸಿರಿನ ಪ್ರಶ್ನೆ. ಹಳೆಯ ಮೈಸೂರಿನವನಿಗೆ ಹಾಗಲ್ಲ. ಅವನ ಕಚೇರಿ, ಅವನ ಶಾಲೆ, ಅವನ ವಿಶ್ವವಿದ್ಯಾನಿಲಯ ಆಗಲೇ ಅವನದಾಗಿದ್ದುವು.

ಲೆಕ್ಕವೋ ಬಹಳ ಸರಳ. ಕನ್ನಡ ನಾಡು ಒಂದಾದರೆ ಜನಸಂಖ್ಯೆ 90 ಲಕ್ಷದಿಂದ 1.9 ಕೋಟಿಗೆ ಏರುತ್ತದೆ. ಒಕ್ಕಲಿಗರ ಪ್ರಾಬಲ್ಯ ಕರಗಿ ಲಿಂಗಾಯತರ ಸಂಖ್ಯೆ ಮುಂದಾಗುತ್ತದೆ. ಮೈಸೂರಿನ ಹಣ ಬರಗಾಲದ ಜಿಲ್ಲೆಗಳಿಗೆ ಹರಿಯುತ್ತದೆ. ಇದನ್ನು ವಿಧಾನಸಭೆಯ ಮೊಗಸಾಲೆಯಲ್ಲಿ ಪಿಸುಗುಟ್ಟುವವರೂ ಇದ್ದರು, ವೇದಿಕೆಯಲ್ಲಿ ಗಟ್ಟಿಯಾಗಿ ಹೇಳುವವರೂ ಇದ್ದರು. ವಿರೋಧಿಗಳು ಹಗುರವಾದ ಜನರೇನಲ್ಲ. ಟಿ. ಚನ್ನಯ್ಯ, ಎ. ಜಿ. ರಾಮಚಂದ್ರರಾವ್ ಮೊದಲಾದ ಪಳಗಿದ ಕಾಂಗ್ರೆಸಿಗರು ಆ ಪಂಗಡದಲ್ಲಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ವಿಶ್ವೇಶ್ವರಯ್ಯನವರು ಕನ್ನಡಿಗರಿಗೆ ಎರಡು ರಾಜ್ಯಗಳಿರಲೆಂದು ಅಭಿಪ್ರಾಯಪಟ್ಟರು. ವಿಶ್ವೇಶ್ವರಯ್ಯನವರ ಮಾತನ್ನು ಮೀರುವುದು ಆಗಿನ ಮೈಸೂರಿನಲ್ಲಿ ಸಾಮಾನ್ಯವಾದ ಕೆಲಸವಲ್ಲ.

ಹನುಮಂತಯ್ಯನವರಿಗೆ ಈ ಲೆಕ್ಕ ಬಾರದೆ? ವಕೀಲರಾಗಿದ್ದವರು, ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಯಾಗಿ ಕುಳಿತುಬಂದವರು. ಸಂಗತಿಗಳ ಪರಿಶೀಲನೆಗೆಂದು ಅವರ ಸರ್ಕಾರವೇ ಶೇಷಾದ್ರಿಯವರ ಸಮಿತಿಯನ್ನು ನೇಮಿಸಿತ್ತು. ಎಲ್ಲ ಅಂಕೆಗಳೂ ಮೇಜಿನ ಮೇಲಿದ್ದುವು. ‘ಜನ ಸಿದ್ಧರಾಗಿಲ್ಲ, ಇನ್ನೂ ಕೆಲವು ವರ್ಷ ತಡೆಯೋಣ’ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆ ಮಾತಿಗೆ ಬೆಂಗಳೂರಿನಲ್ಲಿ ಚಪ್ಪಾಳೆ, ದೆಹಲಿಯಲ್ಲಿ ಸಮಾಧಾನದ ನಿಟ್ಟುಸಿರು. ಭಾಷಾವಾರು ರಾಜ್ಯಗಳ ಬಗ್ಗೆ ನೆಹರೂ ಅವರಿಗೆ ಮೊದಲಿನಿಂದ ಇದ್ದ ಹಿಂಜರಿಕೆ ಸರ್ವವಿದಿತ. ನನ್ನ ನಿಬಂಧನೆಗೆ ಇದು ತಕ್ಕ ಕವಲು. ಅವರು ಏಕೀಕರಣದ ಪರವಾಗಿ ನಿಂತರು. ಕಡಿದಾಳ್ ಮಂಜಪ್ಪನವರೂ, ವಿರೋಧಪಕ್ಷದ ಶಾಂತವೇರಿ ಗೋಪಾಲಗೌಡರೂ ಅದೇ ಪಕ್ಕದಲ್ಲಿದ್ದರು. ಆದರೆ ಪೀಠ ಕಳೆದುಕೊಳ್ಳುವ ಭಯವಿದ್ದದ್ದು ಹನುಮಂತಯ್ಯನವರಿಗೇ.

ಹಾಗೆ ನಿಲ್ಲದೆ ಇದ್ದಿದ್ದರೆ? ಒಲ್ಲದ ಮೈಸೂರಿನ ಮೇಲೆ ಒಕ್ಕೂಟವನ್ನು ಹೇರಲು ದೆಹಲಿ ಮುಂದಾಗುತ್ತಿರಲಿಲ್ಲ ಎಂದು ನನಗೆ ತೋರುತ್ತದೆ. ಎರಡು ಕನ್ನಡ ರಾಜ್ಯಗಳು ಏರ್ಪಡುತ್ತಿದ್ದುವು: ದಕ್ಷಿಣದಲ್ಲಿ ಮೈಸೂರು, ಉತ್ತರದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಗುಲ್ಬರ್ಗ, ರಾಯಚೂರುಗಳೂ ಎರಡು ಕನ್ನಡ ಜಿಲ್ಲೆಗಳ ಕರಾವಳಿಯೂ ಸೇರಿದ ಕರ್ನಾಟಕ. ಶರಾವತಿಯ ಜಲಪಾತ ಒಂದು ರಾಜ್ಯದಲ್ಲಿ, ಅದು ಕಡಲು ಸೇರುವ ಹೊನ್ನಾವರ ಇನ್ನೊಂದರಲ್ಲಿ. ಭಟ್ಕಳದ ಬಂದರಿನ ಮೇಲೆ ಕಣ್ಣಿಟ್ಟಿದ್ದ ಮೈಸೂರಿಗೆ ಕಡಲು ಎಂದಿನಂತೆ ದೂರ. ಆಲಮಟ್ಟಿಯಂತಹ ಬೃಹತ್ ಯೋಜನೆಯನ್ನು ಬೆಂಗಳೂರಿನ ಬೊಕ್ಕಸವಿಲ್ಲದ ರಾಜ್ಯವೊಂದು ಹೊರಬೇಕಾಗುತ್ತಿತ್ತು. ಕಾಸರಗೋಡು ಆಗಲೂ ಕೇರಳಕ್ಕೇ ಹೋಗುತ್ತಿತ್ತೇನೋ. ಅದಕ್ಕಾಗಿ ದನಿಯೆತ್ತುವ ರಾಜ್ಯ ಮಾತ್ರ ಇನ್ನಷ್ಟು ಸಣ್ಣದಾಗಿರುತ್ತಿತ್ತು.

ಕನ್ನಡ ನುಡಿಗೆ ಇದರಿಂದ ಸಾವು ಬರುತ್ತಿತ್ತೆಂದು ಹೇಳುವವನಲ್ಲ ನಾನು. ತೆಲುಗರಿಗೆ 2014ರಿಂದ ಎರಡು ರಾಜ್ಯಗಳಿವೆ; ತೆಲುಗು ಸೊರಗಿಲ್ಲ. ಎರಡು ರಾಜ್ಯಗಳ ಪಕ್ಷದಲ್ಲಿ ನ್ಯಾಯವಾದ ಮಾತೂ ಒಂದುಂಟು. ವಿಲೀನದಿಂದ ಮೈಸೂರು ಬಡವಾಗುವುದೆಂದು ಹೆದರಿದ್ದರು. ಆದದ್ದು ಬಹುಮಟ್ಟಿಗೆ ಅದರ ವಿಪರ್ಯಯ. ಅಧಿಕಾರದ ಪೀಠ ಉತ್ತರದವರಿಗೂ ದೊರೆಯಿತು, ಸಂಪತ್ತು ಬೆಂಗಳೂರಿನಲ್ಲಿಯೇ ಬೆಳೆಯಿತು. 2002ರ ನಂಜುಂಡಪ್ಪನವರ ಸಮಿತಿಯ ವರದಿಯೂ, ಹೈದರಾಬಾದು ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ತಿದ್ದುಪಡಿಯೂ ಈ ಅಸಮತೆಗೆ ಸಾಕ್ಷಿ. ಸಣ್ಣದಾದರೂ ತನ್ನದೇ ರಾಜಧಾನಿಯಿದ್ದ ಉತ್ತರ ಕರ್ನಾಟಕ ಹೇಗೆ ಬೆಳೆಯುತ್ತಿತ್ತೆಂಬುದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಏಕೀಕರಣದ ಅಭಿಮಾನಿಗಳು ಇದನ್ನು ಕೇಳಿದೊಡನೆ ಮುಖ ತಿರುಗಿಸುವುದು ನನಗೆ ಸರಿಕಾಣದು.

ನಕ್ಷೆಯನ್ನು ಬಿಟ್ಟು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಕನಕಪುರದ ತೆಂಕಣ ಅಂಚಿನಲ್ಲಿ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮವಿದೆ. ಅಲ್ಲಿಂದ ಕೆಳಗೆ ಮೇಕೆದಾಟು. 1956ರವರೆಗೆ ಅಲ್ಲಿ ನಿಂತು ಆಚೆಯ ದಡವನ್ನು ನೋಡಿದವನು ಪರರಾಜ್ಯವನ್ನು ನೋಡುತ್ತಿದ್ದನು. ಎದುರಿನ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ದಡದವರೂ ಆಡುವ ನುಡಿ ಕನ್ನಡವೇ. ಮಲೆಯ ಮಾದೇವನಿಗೆ ಹರಕೆ ಹೊತ್ತು ಹೊಳೆ ದಾಟುವ ಒಕ್ಕಲು ಸರಹದ್ದನ್ನೂ ದಾಟುತ್ತಿತ್ತು. ಬಳ್ಳಾರಿಯ ತಾಲ್ಲೂಕುಗಳಂತೆ ಕೊಳ್ಳೇಗಾಲವೂ ಹೇಗೋ ಮೈಸೂರಿಗೆ ಬರುತ್ತಿತ್ತೆಂದು ವಾದಿಸಬಹುದು. ಬಾರದಿದ್ದಿದ್ದರೆ, ಕಾವೇರಿಯ ವ್ಯಾಜ್ಯದಲ್ಲಿ ಮೇಕೆದಾಟುವಿನ ಒಂದು ದಡ ಅವರದು, ಒಂದು ದಡ ನಮ್ಮದು. ತಲಕಾವೇರಿಯಿರುವ ಕೊಡಗೂ ಅಂದು ಬೇರೆಯೇ ಆದ ರಾಜ್ಯವಾಗಿತ್ತೆಂಬುದನ್ನು ಈಗಿನ ವಿದ್ಯಾರ್ಥಿಗಳು ನೆನೆಯುವುದು ಅಪರೂಪ.

ಇನ್ನೊಂದು ಸಂಗತಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದಾಗ ಅವರು ಶಾಸನಸಭೆಯ ಸದಸ್ಯರಾಗಿರಲಿಲ್ಲ. ಆ ವರ್ಷದ ಉಪಚುನಾವಣೆಯಲ್ಲಿ ಅವರನ್ನು ಆರಿಸಿ ಕಳುಹಿಸಿದ್ದು ಕನಕಪುರ. ಹೆಗಡೆಯವರು ಉತ್ತರ ಕನ್ನಡದ ಸಿದ್ದಾಪುರ ಸೀಮೆಯವರು. ಮುಂಬಯಿ ರಾಜ್ಯದ ಪ್ರಜೆಯಾಗಿ ಬೆಳೆದವರು. ಅಡಕೆಯ ತೋಟದಿಂದ ಬಂದ ಅವರ ಮಾತಿನ ಧಾಟಿ ಬೇರೆ, ಕನಕಪುರದ ರಾಗಿಯ ಹೊಲದ ಧಾಟಿ ಬೇರೆ. ಎರಡು ರಾಜ್ಯಗಳ ಕಥೆಯಲ್ಲಿ ಈ ಒಂದು ಪುಟಕ್ಕೆ ಎಡೆಯೇ ಇಲ್ಲ. ಏಕೀಕರಣದ ವಿಷಯದಲ್ಲಿ ನೂರು ಭಾಷಣಗಳಿಗಿಂತ ಈ ಉಪಚುನಾವಣೆ ನನಗೆ ಹೆಚ್ಚು ಹೇಳುತ್ತದೆ.

ವಿರೋಧಿಗಳ ಲೆಕ್ಕ ಮಾತ್ರ ಸುಳ್ಳಾಗಲಿಲ್ಲ. ಅದನ್ನು ಒಪ್ಪಲೇಬೇಕು. ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್ ಎಂದು ಪೀಠ ಒಬ್ಬರಿಂದೊಬ್ಬರಿಗೆ ಸಾಗಿತು. 1972ರಲ್ಲಿ ದೇವರಾಜ ಅರಸರು ಬಂದು ಆ ಸರಪಣಿಯನ್ನು ಬೇರೊಂದು ರೀತಿಯಲ್ಲಿ ಮುರಿದರು. 1956ರಲ್ಲಿ ಕೆಲವು ವಾರ ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರ ತರುವಾಯ ಒಕ್ಕಲಿಗರೊಬ್ಬರು ಆ ಸ್ಥಾನಕ್ಕೆ ಬರಲು 38 ವರ್ಷ ಬೇಕಾಯಿತು. 1994ರಲ್ಲಿ ಹಾಗೆ ಬಂದ ದೇವೇಗೌಡರು ಗೆದ್ದಿದ್ದ ಕ್ಷೇತ್ರವಾವುದೆಂದರೆ, ರಾಮನಗರ. ಅಲ್ಲಿಂದ ಒಂದೂವರೆ ವರ್ಷದಲ್ಲಿ ಅವರು ಪ್ರಧಾನಿಯಾದರು.

ಹನುಮಂತಯ್ಯನವರ ಪಾಲಿಗೆ ಲೆಕ್ಕ ಇನ್ನೂ ಬೇಗ ಚುಕ್ತಾ ಆಯಿತು. ಸ್ವಪಕ್ಷದ ಶಾಸಕರೇ ಅವರ ಮೇಲೆ ಅವಿಶ್ವಾಸಕ್ಕೆ ಎದ್ದರು. ಏಕೀಕರಣದ ಮುನಿಸು ಅದರಲ್ಲಿ ಎಷ್ಟು, ಅವರ ಬಿಗುಮಾನದ ಸ್ವಭಾವದ ಮೇಲಿನ ಸಿಟ್ಟು ಎಷ್ಟು, ವಿಧಾನಸೌಧದ ಖರ್ಚಿನ ಆಕ್ಷೇಪ ಎಷ್ಟು ಎಂದು ತೂಗಿ ಬೇರ್ಪಡಿಸುವುದು ಸುಲಭವಲ್ಲ. 1956ರ ಆಗಸ್ಟ್ 19ರಂದು ಅವರ ಅಧಿಕಾರ ಮುಗಿಯಿತು. ಏಕೀಕರಣಕ್ಕೆ ಉಳಿದಿದ್ದುದು ಎರಡೂವರೆ ತಿಂಗಳೂ ಅಲ್ಲ. ಆ ದಿನಗಳನ್ನು ಅವರು ಹೇಗಾದರೂ ತಳ್ಳಿದ್ದರೆ ವಿಶಾಲ ರಾಜ್ಯಕ್ಕೂ ಅವರೇ ಮುಖ್ಯಮಂತ್ರಿಯಾಗುತ್ತಿದ್ದರೆ? ವಿದ್ಯಾರ್ಥಿಯೊಬ್ಬ ನನ್ನನ್ನು ಹೀಗೆ ಕೇಳಿದ್ದುಂಟು. ಆಗುತ್ತಿರಲಿಲ್ಲವೆಂದೇ ನನ್ನ ಉತ್ತರ. ಹೊಸ ಸಭೆಯ ಸಂಖ್ಯಾಬಲ ನಿಜಲಿಂಗಪ್ಪನವರ ಕಡೆಗಿತ್ತು. ಹಾಗಾಗುವುದೆಂದು ಹನುಮಂತಯ್ಯನವರಿಗೆ ಎರಡು ವರ್ಷ ಮೊದಲೇ ತಿಳಿದಿರಬೇಕು.

ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬೆಂಗಳೂರಿಗೆ ಬಂದು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಹತ್ತೊಂಬತ್ತು ಜಿಲ್ಲೆಗಳ ರಾಜ್ಯ. 1957ರ ಚುನಾವಣೆಯಲ್ಲಿ ರಾಮನಗರ ಹನುಮಂತಯ್ಯನವರನ್ನೇ ಪುನಃ ಆರಿಸಿತು. ತಾವು ಹಟ ಹಿಡಿದು ಕಟ್ಟಿಸಿದ ಆ ಕಲ್ಲಿನ ಸೌಧದೊಳಗೆ 208 ಮಂದಿ ಶಾಸಕರಲ್ಲಿ ಒಬ್ಬರಾಗಿ ಅವರು ಹೋಗಿ ಕುಳಿತರು. ಬೀದರಿನಿಂದ, ಕಾರವಾರದಿಂದ, ಮಂಗಳೂರಿನಿಂದ, ಮಡಿಕೇರಿಯಿಂದ ಬಂದವರು ಸುತ್ತಲೂ ಇದ್ದರು. ಮುಖ್ಯಮಂತ್ರಿಯ ಪೀಠದಲ್ಲಿ ಇನ್ನೊಬ್ಬರಿದ್ದರು.